ಒಂದು ವರ್ಷ ತಡಿ ಎಂದೆ

ನನ್ನ ಬಾಯಿ ಮೊದಲಿನಿಂದಲೂ ಸ್ವಲ್ಪ ಜೋರು. ತಿಪಟೂರಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಒಂದಷ್ಟು ಒಳ್ಳೆಯದೂ ಆಗಿದೆ. ಭಾನುವಾರ ಬೆಳಿಗ್ಗೆ ಕೊನೆಯ ವರ್ಷದ ಹುಡುಗಿಯರು ನಮ್ಮ ಮನೆಗೆ ಬಂದು ಕೂರುತ್ತಿದ್ದರು. ಅರ್ಜಿ ಹೇಗೆ ಬರೆಯಬೇಕು, ಇಂಟರ್‌ವ್ಯೂನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತಲೆ ತಗ್ಗಿಸದೆ ಹೇಗೆ ಹೇಳಬೇಕು, ಎಲ್ಲ ಹೇಳಿಕೊಡುತ್ತಿದ್ದೆ. ಬೈಯುತ್ತಿದ್ದೆ, ಆಮೇಲೆ ಕಾಫಿ ಕೊಡುತ್ತಿದ್ದೆ. ಕೆಲಸಕ್ಕೆ ಕಳಿಸಲು ಮನೆಯವರು ಒಪ್ಪದಿದ್ದರೆ ಬಸ್ಸು ಹತ್ತಿ ಅವರ ಊರಿಗೇ ಹೋಗಿ ಅಪ್ಪಂದಿರ ಎದುರು ಪಟ್ಟು ಹಿಡಿದು ಕೂರುತ್ತಿದ್ದೆ. ಮೇಡಂ ಮಾತಿಗೆ ಬೆಲೆ ಇದೆ ಎಂದು ನನಗೆ ಒಳಗೊಳಗೇ ಜಂಬ. ಆ ಜಂಬದಲ್ಲಿ ಒಬ್ಬಳ ಬದುಕು ಕೆಡಿಸಿದೆ.

ಅವಳು ದಂಡಿನಶಿವರದ ಕಡೆಯವಳು. ಮಾತು ಕಡಿಮೆ, ಕಿವಿ ಚುರುಕು. ಲ್ಯಾಬಿನಲ್ಲಿ ಮೋಟರ್ ಶುರುವಾದರೆ ಮೀಟರ್ ನೋಡುವ ಮೊದಲೇ ಏನೋ ಸರಿಯಿಲ್ಲ ಎನ್ನುತ್ತಿದ್ದಳು. ಇದನ್ನೆಲ್ಲಿ ಕಲಿತೆ ಎಂದು ಕೇಳಿದರೆ, ಅಟ್ಟದ ಮೇಲೆ ಎಂದು ನಕ್ಕಳು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ವರ್ಷದ ತನಕ ಅಟ್ಟದಲ್ಲಿ ಹಾಕಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದಾಗ ಗಡಗಡ ಎಂದರೆ ಮಾತ್ರ ಇಳಿಸುವುದು. ಚಿಕ್ಕಂದಿನಿಂದ ಆ ಸದ್ದು ಕೇಳಿ ಪಳಗಿದ ಕಿವಿ ಅವಳದು.

ಕೊನೆಯ ಪರೀಕ್ಷೆ ಮುಗಿದ ವಾರವೇ ಅವಳಿಗೆ ಕೆಲಸ ಸಿಕ್ಕಿತು. ಅವಳ ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಒಂದು ಕಾಯಿಪುಡಿ ಫ್ಯಾಕ್ಟರಿ. ಕೆಲಸ ಇದೆಯಾ ಎಂದು ಒಬ್ಬಳೇ ಕೇಳಿಕೊಂಡು ಹೋಗಿದ್ದಳು. ರಸ್ತೆ ಕಡೆಯ ಗೋಡೆಗಿದ್ದ ದೊಡ್ಡ ಫ್ಯಾನಿನ ಸದ್ದು ಕೇಳಿ, ಬೇರಿಂಗ್ ಹೋಗುತ್ತಿದೆ ಎಂದಳಂತೆ. ಅಲ್ಲಿನ ಹಿರಿಯ ಫೋರ್‌ಮನ್ ತಾನೂ ಕಿವಿಗೊಟ್ಟು ಕೇಳಿ, ಹೌದು ಎಂದು ತಲೆದೂಗಿ, ಯಂತ್ರಗಳ ರಿಪೇರಿ ವಿಭಾಗಕ್ಕೆ ಬಂದು ಸೇರಿಕೊ ಎಂದರಂತೆ. ಅದನ್ನು ಹೇಳಲು ಅವಳು ನಮ್ಮ ಮನೆಗೆ ಓಡಿಬಂದಳು.

"ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಕಾಯಿಪುಡಿ ಮಾಡೋಕೆ ಹೋಗ್ತೀಯೇನೇ?" ಎಂದೆ.

ಅವಳ ಮುಖ ಚಿಕ್ಕದಾಯಿತು. ಅಲ್ಲಿರುವ ಮೋಟರೂ ಮೋಟರೇ ಅಲ್ವಾ ಮೇಡಂ ಎಂದು ಮೆಲ್ಲಗೆ ಕೇಳಿದಳು. ಕೇಳಿಸಿಕೊಳ್ಳುವ ವ್ಯವಧಾನ ನನಗೆಲ್ಲಿತ್ತು? ಅವಳು ದೊಡ್ಡ ಕಂಪನಿಗೇ ಸೇರಬೇಕು, ಇಲ್ಲವೇ ಸರ್ಕಾರಿ ಪರೀಕ್ಷೆ ಪಾಸಾಗಬೇಕು, ಅವಳು ನನ್ನ ಸ್ಟೂಡೆಂಟ್ ಎಂದು ನಾನು ನಾಲ್ಕು ಜನರಿಗೆ ಹೇಳಿಕೊಳ್ಳಬೇಕು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಭಾನುವಾರವೇ ಅವರ ಮನೆಗೆ ಹೋದೆ. ಅವಳ ಅಪ್ಪ ತೋಟದವರು, ಮೆತ್ತಗಿನ ಮನುಷ್ಯ. ಅಟ್ಟದ ಕೆಳಗೆ ಚಾಪೆ ಹಾಸಿ ಕೂರಿಸಿದರು. ಅಟ್ಟ ನೋಡಿದ್ದೇ ನನಗೆ ಹೋಲಿಕೆ ಹೊಳೆದುಬಿಟ್ಟಿತು. "ನೀರು ಇಂಗೋ ಮುಂಚೆ ಕಾಯಿ ಇಳಿಸ್ತೀರಾ? ಇಲ್ಲ ಅಲ್ವಾ. ಇವಳೂ ಒಂದು ವರ್ಷ ತಡೀಲಿ" ಎಂದೆ.

"ಆಯ್ತು ಬುಡಿ ಮೇಡಮ್ನೋರೆ. ನೀವು ಹೇಳಿದ್ಮೇಲೆ ಮುಗೀತು" ಎಂದರು ಅವರು.

ಬೇರೆ ಅಪ್ಪಂದಿರ ಜೊತೆ ಗಂಟೆಗಟ್ಟಲೆ ಗುದ್ದಾಡಿದವಳು ನಾನು. ಇವರು ಎರಡೇ ನಿಮಿಷಕ್ಕೆ ಒಪ್ಪಿದರು. ಯಾಕೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅವರಿಗೊಂದು ನೆಪ ಬೇಕಿತ್ತು, ಅದನ್ನು ನಾನೇ ಬಸ್ ಚಾರ್ಜು ಕೊಟ್ಟುಕೊಂಡು ಹೋಗಿ ಕೈಗಿಟ್ಟು ಬಂದೆ. ಅವಳು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ವಾಪಸು ಹೊರಟಾಗ ಬಸ್ ಸ್ಟಾಪಿನವರೆಗೂ ಬಂದಳು.

ಸರ್ಕಾರಿ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಹೋಯಿತು. ದೊಡ್ಡ ಕಂಪನಿಯವರು ಇಂಟರ್‌ವ್ಯೂಗೆ ಕರೆದು, ಓದು ಮುಗಿದ ಮೇಲೆ ಇಷ್ಟು ದಿನ ಏನು ಮಾಡಿದಿರಿ ಎಂದು ಕೇಳಿದರಂತೆ. ಮೇಡಂ ತಡಿ ಅಂದಿದ್ದರು ಎಂದು ಹೇಳಲಾಗುತ್ತದೆಯೇ? ಫ್ಯಾಕ್ಟರಿಗೆ ನಾನೇ ಫೋನ್ ಮಾಡಿ ಕೇಳಿದೆ, ಅಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು. ವರ್ಷ ತುಂಬುವ ಹೊತ್ತಿಗೆ ಅವಳ ಅಪ್ಪ ನಮ್ಮ ಮನೆಗೆ ಲಗ್ನಪತ್ರಿಕೆ ತಂದರು. ಮೊದಲ ಪತ್ರಿಕೆ ಗುರುಗಳಿಗೇ ಎಂದು ನನ್ನ ಕಾಲಿಗೆ ಬಿದ್ದರು.

ಮದುವೆಯಾದ ಮೇಲೆ ಒಮ್ಮೆ ಬಿಳಿಗೆರೆಯ ಅವಳ ಗಂಡನ ಮನೆಗೆ ಹೋದೆ. ಅಟ್ಟದ ಮೇಲಿದ್ದಳು. ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೆಳಗೆ ಕೊಡುತ್ತಿದ್ದಳು. ನನ್ನನ್ನು ಕಂಡವಳೇ ಇಳಿದು ಬಂದು ಕಾಫಿ ಮಾಡಿದಳು. ತಪ್ಪಾಯಿತು ಕಣೇ ಎಂದು ಹೇಳಬೇಕೆಂದೇ ಹೋಗಿದ್ದೆ, ಕಾಫಿ ಚೆನ್ನಾಗಿದೆ ಎಂದೆ. ಅವಳೇ ಮಾತು ತೆಗೆದಳು.

"ತವರಿಗೆ ಹೋಗೋವಾಗ ಬಸ್ಸು ಆ ಫ್ಯಾಕ್ಟರಿ ಮುಂದೆ ನಿಲ್ಲುತ್ತೆ ಮೇಡಂ. ಫ್ಯಾನು ಈಗ ಸದ್ದು ಮಾಡಲ್ಲ. ಯಾರೋ ಬೇರಿಂಗ್ ಬದಲಾಯ್ಸವ್ರೆ."

ಒಂದು ಬೈಗುಳ ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಲೋಟ ತೊಳೆಯಲು ಎದ್ದು ಹೋದಳು.

ಹೋದ ತಿಂಗಳು ಅವಳ ಚಿಕ್ಕಪ್ಪ ಫೋನ್ ಮಾಡಿದರು. ಅವರ ಮಗಳು ಬಿಎಸ್ಸಿ ಮುಗಿಸಿದ್ದಾಳೆ, ತುಮಕೂರಿನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಸೇರಿಕೊಳ್ಳಬೇಕು, ಇವಳನ್ನೂ ಒಂದು ವರ್ಷ ತಡೆಸಲೇ ಎಂದು ಕೇಳಿದರು. ಕಳಿಸಿ, ದಯವಿಟ್ಟು ಕಳಿಸಿ ಎಂದು ಬೇಡಿಕೊಂಡೆ.

"ನಮ್ಮಣ್ಣನ್ ಮಗಳಿಗೆ ತಡಿ ಅಂದ್ರಿ, ಒಳ್ಳೆ ಮನೆ ಸಿಕ್ತು. ಇವಳಿಗ್ಯಾಕೆ ಬ್ಯಾರೆ ಮಾತು ಮೇಡಮ್ನೋರೆ?" ಎಂದರು ಅವರು.

ಆ ಮಾತು ತಪ್ಪಾಗಿತ್ತು ಎಂದೆ. ನಾನು ದೊಡ್ಡತನಕ್ಕೆ ಹಾಗೆ ಹೇಳುತ್ತಿದ್ದೇನೆ ಎಂಬಂತೆ ಅವರು ನಕ್ಕರು. ಫೋನು ಹುಡುಗಿಯ ಕೈಗೆ ಕೊಡಿ ಎಂದು ಗೋಗರೆದೆ. ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸಣ್ಣ ದನಿ ಬಂತು.

"ಅಪ್ಪ ಹೇಳಿದ್ರು ಮೇಡಂ. ನೀವು ಹೇಳ್ದಂಗೇ ತಡೀತೀನಿ."

ಹೋಗು, ಸೋಮವಾರವೇ ಹೋಗು ಎಂದು ಕೂಗಿದೆ. ಅಷ್ಟರಲ್ಲಿ ಫೋನು ಅವಳಪ್ಪನ ಕೈಗೆ ಹೋಗಿತ್ತು.