ನಿಮ್ಮ ಮನಿ ವಾರ ಯಾವುದು?

ಗಿರಿಜಕ್ಕ ರೋಗಿಗಳ ಗದ್ದ ಹಿಡಿದು ಮಾತಾಡುತ್ತಿದ್ದರು. ಪೊರೆಯ ಆಪರೇಷನ್ ಆದವರ ಒಂದು ಕಣ್ಣಿಗೆ ಪಟ್ಟಿ ಇರುತ್ತದೆ. ಇನ್ನೊಂದು ಕಣ್ಣು ತಮ್ಮನ್ನೇ ನೋಡಲಿ ಎಂದು ಎಡಗೈಯಿಂದ ಗದ್ದ ಹಿಡಿದು ಮುಖವನ್ನು ತಿರುಗಿಸಿಕೊಳ್ಳುವರು. ಎದುರಿಗೆ ಕೂತವರು ಹಣ್ಣು ಮುದುಕಿಯಾಗಿರಲಿ, ಅಮರಗೋಳದ ಮಾರುಕಟ್ಟೆಯಲ್ಲಿ ದಿನವೆಲ್ಲ ಕೂಗಾಡುವ ದಲಾಲರಾಗಿರಲಿ, ಯಾರೂ ಆ ಕೈಯನ್ನು ಸರಿಸುತ್ತಿರಲಿಲ್ಲ. ಯಾವ ಔಷಧ ಎಷ್ಟು ಸಲ, ಯಾವ ಮಗ್ಗುಲಿಗೆ ಮಲಗಬೇಕು, ಎಲ್ಲ ಹೇಳಿ ಮುಗಿಸಿ, ಗದ್ದ ಬಿಡದೆ, "ಈಗ ನೀವು ಹೊಳ್ಳಿ ಹೇಳ್ರಿ" ಎನ್ನುವರು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಬಾಟಲಿಗಳು ಎಲ್ಲ ಒಂದೇ ಥರ ಕಾಣುತ್ತವೆಂದು ಓದು ಬಾರದವರಿಗೆ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿ ಕೊಡುವರು. ಅಷ್ಟರಲ್ಲಿ ಸಾಲು ಬಾಗಿಲಾಚೆ ಬೆಳೆದಿರುತ್ತಿತ್ತು.

ಹುಬ್ಬಳ್ಳಿಯ ಆ ಕಣ್ಣಿನ ಆಸ್ಪತ್ರೆಗೆ ನನ್ನನ್ನು ಕರೆದದ್ದೇ ಆ ಸಾಲನ್ನು ಇಲ್ಲವಾಗಿಸಲು. ಡಾಕ್ಟರು ಇಂಗ್ಲಿಷಿನಲ್ಲಿ ತುಂಬಿದ ಫಾರ್ಮ್ ತಾನಾಗಿ ಒಂದು ಶೀಟಿಗೆ ಬೀಳಬೇಕು, ಅಲ್ಲಿಂದ ಅನುವಾದದ ಸೇವೆಗೆ ಹೋಗಬೇಕು, ಅಲ್ಲಿಂದ ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ರೋಗಿಯ ಮೊಬೈಲಿಗೆ. ಇದಕ್ಕೆ ಕೋಡ್ ಬರೆಯಬೇಕಾಗಿಲ್ಲ. ಪರದೆಯ ಮೇಲೆ ಒಂದೊಂದು ಆ್ಯಪ್‌ಗೆ ಒಂದೊಂದು ಡಬ್ಬಿ ಇಟ್ಟು, ನಡುವೆ ಗೆರೆ ಎಳೆದು ಜೋಡಿಸುವುದು. ಮ್ಯಾನೇಜರ್ ಮೊದಲ ದಿನವೇ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದರು: ಇನ್ನು ಗಿರಿಜಕ್ಕ ಔಷಧ ಕೊಟ್ಟರೆ ಸಾಕು, ಸೂಚನೆ ಮೊಬೈಲಿಗೇ ಹೋಗುತ್ತದೆ, ಮೂರು ತಿಂಗಳಲ್ಲಿ ತಿಳಿಯಲಿಲ್ಲವೆಂದು ಯಾರೂ ಮರಳಿ ಬರದಿದ್ದರೆ ಅವರ ಟೇಬಲ್ ತೆಗೆಯುತ್ತೇವೆ. ಗಿರಿಜಕ್ಕನದು ವರ್ಷವರ್ಷಕ್ಕೆ ಮುಂದುವರಿಸುವ ಕರಾರಿನ ಕೆಲಸ.

ಅವರು ಮ್ಯಾನೇಜರರನ್ನು ಬಿಟ್ಟು ನನ್ನ ಕಡೆ ತಿರುಗಿ, "ನಿಮ್ಮ ಮನಿ ವಾರ ಯಾವುದು, ತಂಗಿ?" ಎಂದರು.

ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಒಂದು ವಾರ ಇರುತ್ತದೆ. ಆ ದಿನ ತಲೆಯ ಮೇಲೆ ನೀರು ಹಾಕಿಕೊಂಡು, ಮನೆದೇವರ ಪೂಜೆ ಮಾಡಿ, ಆಮೇಲೆ ಈರುಳ್ಳಿ ಇಲ್ಲದ ಊಟ. ನಮ್ಮಲ್ಲಿ ಅಂಥದ್ದೇನಿಲ್ಲರಿ ಎಂದೆ. ಅದು ಸುಳ್ಳು. ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಒಂದು ಸೋಮವಾರವನ್ನೂ ತಪ್ಪಿಸಿದವಳಲ್ಲ. ಆದರೆ ಮೊದಲ ಭೇಟಿಯಲ್ಲೇ ದೇವರು, ಮನೆತನ ಕೇಳುವವರಿಗೆ ಉತ್ತರ ಕೊಡುವ ರೂಢಿ ನನಗಿಲ್ಲ.

ಆ ತಿಂಗಳುಗಳನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಒಂದು ಡಬ್ಬಿ ಸರಿಯಾದರೆ ಮುಂದಿನದು ಕೆಡುತ್ತಿತ್ತು. ಡಾಕ್ಟರು ಔಷಧವನ್ನು ಕ್ರಮೇಣ ಕಡಿಮೆ ಮಾಡಲು ‘ಟೇಪರ್’ ಎಂದು ಬರೆದರೆ ಕನ್ನಡದಲ್ಲಿ ಹನಿಗಳನ್ನು ಮೊನಚು ಮಾಡಲು ಹೇಳುತ್ತಿತ್ತು. ಮರಾಠಿಯವರಿಗೆ ಉರ್ದು ಹೋಗುತ್ತಿತ್ತು. ಡಾಕ್ಟರು ಫಾರ್ಮಿನಲ್ಲಿ ಒಂದು ಜಾಗ ಖಾಲಿ ಬಿಟ್ಟರೆ ಡಬ್ಬಿಗಳ ಇಡೀ ಸಾಲು ನಿಂತುಬಿಡುತ್ತಿತ್ತು. ಪದಗಳ ಪಟ್ಟಿ ಮಾಡಿ ಒಂದು ಡಬ್ಬಿ ಸೇರಿಸಿದೆ. ಕನ್ನಡಕ್ಕೆ ಬಂದದ್ದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲಕ್ಕೆ ಹೋಲಿಸಿ, ಹೊಂದಿದರೆ ಮಾತ್ರ ಕಳಿಸುವ ಇನ್ನೊಂದು ಡಬ್ಬಿ ಸೇರಿಸಿದೆ. ಅದು ಓಡಿದ ದಿನ ನನಗೆ ಬಹಳ ಸಮಾಧಾನವಾಗಿತ್ತು. ಗಿರಿಜಕ್ಕನನ್ನು ಕರೆದು, ನೋಡಿರಿ, ಇದೂ ಹೊಳ್ಳಿ ಹೇಳುತ್ತದೆ ಎಂದು ತೋರಿಸಿದೆ.

ಅವರು ದಾರ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿ ಬಗ್ಗಿ ನೋಡಿದರು. "ಅದs ಹೇಳಿ ಅದs ಹೊಳ್ಳಿ ಹೇಳಿದ್ರ ಏನ್ ಬಂತು, ತಂಗಿ? ಮುದುಕಿ ಹೇಳಿದ್ಲೇನು?"

ಅವರ ಪೀಡೆ ಅಲ್ಲಿಗೇ ನಿಲ್ಲಲಿಲ್ಲ. ಫಾರ್ಮಿನಲ್ಲಿ ಮನೆಯ ವಾರ ತುಂಬಲು ಒಂದು ಖಾನೆ ಬೇಕೆಂದು ಹಿಡಿದರು. ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚಿ, ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸುತ್ತ, ದಿನಾ ಅದೇ ಮಾತು: "ಒಂದ್ ಖಾನಿ ಹಾಕು ತಂಗಿ. ವಾರ ಯಾವುದು ಅಂತ. ಅಷ್ಟ ಸಾಕು." ಒಂದು ಖಾನೆ ಸೇರಿಸಿದರೆ ಹಿಂದಿನ ಡಬ್ಬಿಗಳನ್ನೆಲ್ಲ ಮತ್ತೆ ಜೋಡಿಸಬೇಕು ಎಂದೆ. ಅದು ಅರ್ಧ ನಿಜ. ಉಳಿದರ್ಧ, ಆಸ್ಪತ್ರೆಯ ಫಾರ್ಮಿನಲ್ಲಿ ದೇವರ ವಿಚಾರ ಯಾಕೆ ಎಂಬ ನನ್ನ ಬಿಗುಮಾನ. ಯಾಕೆ ಬೇಕು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಎಲ್ಲರಿಗೂ ತಿಳಿದ ಮಾತು ಇವಳಿಗೂ ತಿಳಿದೇ ಇರುತ್ತದೆ ಎಂದುಕೊಂಡಿದ್ದರೇನೋ, ಅವರೂ ಹೇಳಲಿಲ್ಲ. ಬಾಟಲಿ ಕೊಡುವಾಗ ವಾರ ಕೇಳುವುದನ್ನು ಮಾತ್ರ ಬಿಡಲಿಲ್ಲ. ಹಿಂದೂ ಮನೆಯವರಾದರೆ ವಾರ, ಮುಸ್ಲಿಮರಾದರೆ ಶುಕ್ರವಾರದ ನಮಾಜಿನ ಮಾತು. ಹರಟೆ ಎಂದುಕೊಂಡೆ.

ಮೂರು ತಿಂಗಳು ಮುಗಿದವು. ತಿಳಿಯಲಿಲ್ಲವೆಂದು ಯಾರೂ ಮರಳಿ ಬಂದಿರಲಿಲ್ಲ. ಹಾಗೆಂದು ವರದಿ ಬರೆದವಳು ನಾನೇ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಿರಿಜಕ್ಕನ ಕರಾರು ಮುಂದುವರಿಯಲಿಲ್ಲ. ಕೊನೆಯ ದಿನ ಅವರು ಡ್ರಾವರ್ ಖಾಲಿ ಮಾಡಿ ಕೆಂಪು, ಬಿಳಿ ದಾರದ ಉಂಡೆಗಳೆರಡನ್ನೂ ನನ್ನ ಕೀಬೋರ್ಡಿನ ಪಕ್ಕದಲ್ಲಿಟ್ಟು, ಬೆಂಗೇರಿಯ ಬಸ್ ಹಿಡಿಯಲು ಹೋದರು.

ಅವರು ಹೋಗಿ ತಿಂಗಳಾಗಿರಲಿಲ್ಲ. ಒಂದು ಮಂಗಳವಾರ ಅಣ್ಣಿಗೇರಿ ಕಡೆಯ ಅಜ್ಜಿಯೊಬ್ಬಳು ಕೆಂಪಡರಿದ ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡು ಬಂದಳು. ಕಣ್ಣಿಗೆ ನೀರು ಹೋಗಿದೆ ಎಂದು ಡಾಕ್ಟರು ನನ್ನನ್ನು ಕರೆಸಿದರು. ಅವಳ ಮೊಬೈಲಿನಲ್ಲಿ ನಮ್ಮ ಸಂದೇಶವಿತ್ತು. ಚೊಕ್ಕ ಕನ್ನಡ: ಹದಿನೈದು ದಿನ ತಲೆಯ ಮೇಲೆ ನೀರು ಹಾಕಿಕೊಳ್ಳಬಾರದು. ಇದನ್ನು ಓದಿಸಿಕೊಂಡಿರಲಿಲ್ಲವೇ ಎಂದು ಕೇಳಿದೆ. ಪಕ್ಕದ ಮನೆಯ ಹುಡುಗಿಯಿಂದ ಎರಡು ಸಲ ಓದಿಸಿಕೊಂಡಿದ್ದಳಂತೆ, ಚೆನ್ನಾಗಿ ತಿಳಿದಿತ್ತಂತೆ. ಮತ್ತೇಕೆ ಹಾಕಿಕೊಂಡಿರಿ?

"ನಾ ಎಲ್ಲಿ ನೀರು ಹಾಕ್ಕೊಂಡೆನವ್ವಾ? ನಿನ್ನಿ ಸೋಮವಾರ, ವಾರ ಮಾಡಿದೆ" ಎಂದಳು. ಅವಳ ಲೆಕ್ಕದಲ್ಲಿ ಅವೆರಡೂ ಬೇರೆ. ಆಮೇಲೆ ತುಸು ಮುನಿಸಿನಿಂದ, "ಮೊದಲನೇ ಕಣ್ಣಿಗೆ ಆ ಅಕ್ಕಾರು ಐತವಾರ ಸಂಜಿಗೆ ಫೋನ್ ಮಾಡಿದ್ರು. ಈ ಸರ್ತಿ ಯಾರೂ ಮಾಡ್ಲೇ ಇಲ್ಲ" ಎಂದಳು.

ಅವಳ ಮೊದಲನೇ ಕಣ್ಣಿನ ಆಪರೇಷನ್ ಆದದ್ದು ನನ್ನ ಆ ಮೂರು ತಿಂಗಳಲ್ಲಿ. ನಾನು ಶೀಟಿನ ಹಳೆಯ ಸಾಲುಗಳನ್ನು ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮಾತಾಡಿದವರೆಲ್ಲರಿಗೂ ತಮ್ಮ ವಾರದ ಹಿಂದಿನ ಸಂಜೆ ಗಿರಿಜಕ್ಕನ ಫೋನ್ ಬಂದಿತ್ತು. ನನ್ನ ವರದಿಯ ಯಶಸ್ಸು ನನ್ನ ಡಬ್ಬಿಗಳದ್ದಾಗಿರಲಿಲ್ಲ.

ಅಜ್ಜಿಯ ಕಣ್ಣು ಉಳಿಯಿತು. ಮೊದಲನೆಯದರಷ್ಟು ಸ್ಪಷ್ಟವಾಗಿ ಕಾಣಲಾರದು ಎಂದರು ಡಾಕ್ಟರು.

ಬೆಂಗೇರಿಯ ಅವರ ಮನೆಗೆ ಹೋದಾಗ ಗಿರಿಜಕ್ಕ ಕಟ್ಟೆಯ ಮೇಲೆ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದರು. ನನಗೆ ಸಿಟ್ಟು ಬಂದಿತ್ತು, ಅದನ್ನು ಅವರ ಮೇಲೆಯೇ ತೋರಿಸಿದೆ. ಫೋನ್ ಮಾಡುತ್ತಿದ್ದುದನ್ನು ಒಮ್ಮೆ ಹೇಳಬಾರದಿತ್ತೇ? ಹೇಳಿದ್ದರೆ ಆ ವರದಿಯನ್ನೇ ಬರೆಯುತ್ತಿರಲಿಲ್ಲವಲ್ಲ?

ಅವರು ಹಲ್ಲಿನಿಂದ ದಾರ ಕಡಿದರು. "ಹೇಳಿದ್ದೆ. ಖಾನಿ ಹಾಕು ಅಂದಿದ್ದೆ. ನೀ ಹಾಕಲಿಲ್ಲ, ನಾ ಫೋನ್ ಹಚ್ಚಿದೆ. ಅವರ ಕಣ್ಣು ನೋಡಬೇಕೋ, ನಿನ್ನ ವರದಿ ನೋಡಬೇಕೋ?"

ವಾರ ಬಿಡಿರಿ ಎಂದು ರೋಗಿಗಳಿಗೆ ಹೇಗೆ ಹೇಳುತ್ತಿದ್ದಿರಿ ಎಂದು ಕೇಳಿದೆ. ಬಿಡಿರಿ ಎಂದು ಹೇಳಿದರೆ ಯಾರು ಕೇಳುತ್ತಾರೆ ಎಂದು ನಕ್ಕರು. "ವಾರ ಮಾಡ್ರಿ, ಕುತ್ತಿಗಿ ಕೆಳಗ ನೀರು ಹಾಕ್ಕೋರಿ, ಹಣಿಗೆ ವಿಭೂತಿ ಹಚ್ಕೋರಿ, ದೇವರು ನಡಸ್ಕೋತಾನ ಅಂತಿದ್ದೆ. ಆಮ್ಯಾಲ ಹೊಳ್ಳಿ ಹೇಳಸ್ತಿದ್ದೆ." ಚಹಾ ಕೊಟ್ಟರು. ಹೊರಡುವಾಗ ಮತ್ತೆ ಅದನ್ನೇ ಕೇಳಿದರು: ನಮ್ಮ ಮನೆಯ ವಾರ ಯಾವುದು, ಈಗಲಾದರೂ ಹೇಳಬಾರದೇ ಎಂದು. ಸೋಮವಾರ ಎಂದೆ. "ಗೊತ್ತಿತ್ತು ಬಿಡು. ಸೋಮವಾರ ನಿನ್ನ ಊಟದ ಡಬ್ಬ್ಯಾಗ ಉಳ್ಳಾಗಡ್ಡಿ ಇರ್ತಿರಲಿಲ್ಲ" ಎಂದರು.

ಅವರನ್ನು ನಾನು ನೋಡಿದ್ದು ಅದೇ ಕೊನೆ. ಮರುದಿನ ಮ್ಯಾನೇಜರಿಗೆ ಎಲ್ಲವನ್ನೂ ಬರೆದು, ಗಿರಿಜಕ್ಕನನ್ನು ಮರಳಿ ಕರೆಸಬೇಕೆಂದು ಕೇಳಿದೆ. ಮ್ಯಾನೇಜರ್ ಓದಿ, ಒಂದು ಖಾನೆ ಹಾಕಿದರಾಯಿತಲ್ಲ, ಅದಕ್ಕೆ ಒಬ್ಬ ಮನುಷ್ಯ ಏಕೆ ಎಂದರು. ಗಿರಿಜಕ್ಕ ಮೂರು ತಿಂಗಳು ಬೇಡಿದ ಖಾನೆ ಮಂಜೂರಾಯಿತು, ಅವರನ್ನು ಹೊರಗಿಡಲು. ಅಷ್ಟರಲ್ಲಿ ಅವರು ಮಗಳೊಂದಿಗೆ ಇರಲು ಸೊಲ್ಲಾಪುರಕ್ಕೆ ಹೋದರೆಂದು ಬೆಂಗೇರಿಯ ಓಣಿಯವರು ಹೇಳಿದರು. ಹಳೆಯ ನಂಬರಿಗೆ ಫೋನ್ ಹೋಗುತ್ತಿಲ್ಲ.

ಖಾನೆ ಹಾಕಿದ್ದೇನೆ. ವಾರದ ಹಿಂದಿನ ಸಂಜೆ ಸಂದೇಶ ತಾನಾಗಿ ಹೋಗುತ್ತದೆ, ಗಿರಿಜಕ್ಕನ ಮಾತಿನಲ್ಲೇ. ಆ ಸಾಲುಗಳನ್ನು ನಾನು ಅನುವಾದದ ಡಬ್ಬಿಗೆ ಕೊಟ್ಟಿಲ್ಲ. ಆದರೆ ಖಾನೆಯನ್ನು ಯಾರಾದರೂ ತುಂಬಬೇಕಲ್ಲ. ಕೌಂಟರಿನವರು ಖಾಲಿ ಬಿಡುತ್ತಾರೆಂದು ಈಗ ನಾನೇ ಹೋಗಿ ಕೂರುತ್ತೇನೆ. ನಿಮ್ಮ ಮನೆಯ ವಾರ ಯಾವುದೆಂದು ಕೇಳುತ್ತೇನೆ. ಪಟ್ಟಿ ಕಟ್ಟಿದ ಮುಖಗಳು ನನ್ನನ್ನು ಒಮ್ಮೆ ನೋಡಿ, ಇವಳಿಗೇಕೆ ಬೇಕು ಎಂಬಂತೆ ಗೋಡೆಯ ಕಡೆ ತಿರುಗುತ್ತವೆ. "ನಮ್ಮಲ್ಲಿ ಅಂಥದ್ದೇನಿಲ್ಲ್ರಿ" ಎನ್ನುತ್ತಾರೆ.

ಆ ದನಿ ನನಗೆ ಗೊತ್ತು. ಗದ್ದ ಹಿಡಿದು ತಿರುಗಿಸಲು ನನ್ನ ಕೈ ಏಳುವುದಿಲ್ಲ.