ದೊಡ್ಡಮ್ಮ ಬಿಟ್ಟುಬಿಟ್ಟ ಯೋಚನೆ

ನನ್ನ ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದಾಳೆ. ಒದ್ದೆ ಬೆಡ್‌ಶೀಟನ್ನು ಇಬ್ಬರು ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಆ ಕಡೆ ಅದು ಇಸ್ತ್ರಿಯಾಗಿ ಬರುತ್ತದೆ. ಬೆಳಗಿನ ಪಾಳಿಗೆ ಅವಳೇ ಮೇಸ್ತ್ರಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮನೆಯಲ್ಲಿ ನಾನು ಟವೆಲನ್ನು ಮುದ್ದೆ ಮಾಡಿ ಎಸೆದರೆ ಅವಳಿಗೆ ಅನ್ನ ಸೇರುವುದಿಲ್ಲ.

ಪಾಳಿ ಮುಗಿದ ಮೇಲೆ ಬಟ್ಟೆ ಜೋಡಿಸಿಡುವ ಕೋಣೆಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುತ್ತಾಳೆ. ಬೇಡಿಕೆಯಿಲ್ಲ, ಹಾಡಿಲ್ಲ. ಚರ್ಚಿನ ವಯಸ್ಸಾದ ಸಿಸ್ಟರ್ ಒಬ್ಬರು ಕಲಿಸಿದ ಮೌನ ಪ್ರಾರ್ಥನೆ ಅದು: ದೇವರ ಮುಂದೆ ಸುಮ್ಮನೆ ಇರು, ಯಾವ ಯೋಚನೆ ಬಂದರೂ ಜಗಳವಾಡಬೇಡ, ಹಿಡಿದುಕೊಳ್ಳಲೂ ಬೇಡ, ಬಿಟ್ಟುಬಿಡು, 'ಯೇಸುವೇ' ಎಂಬ ಒಂದೇ ಪದಕ್ಕೆ ಮರಳು.

ರೋಲರಿನ ಮುಂದೆ ಒಂದು ಕಂಬಿ ಇದೆ. ಕೈ ಅದಕ್ಕೆ ತಾಗಿದರೆ ಯಂತ್ರ ನಿಲ್ಲಬೇಕು. ಅದು ಸಡಿಲವಾಗಿದೆಯೆಂದು ಮೊದಲು ಕಂಡವಳು ದೊಡ್ಡಮ್ಮನೇ. ದೂರು ಬರೆಯಬೇಕು, ಯಂತ್ರ ನಿಲ್ಲಿಸಬೇಕು, ಲಾಂಡ್ರಿಯ ಅಧಿಕಾರಿಯ ನಿಷ್ಠುರ ಕಟ್ಟಿಕೊಳ್ಳಬೇಕು. ನಾಳೆ ನೋಡೋಣ ಎಂದುಕೊಂಡಳು. ಅಂದು ಪ್ರಾರ್ಥನೆಗೆ ಕೂತಾಗ ಆ ಕಂಬಿ ಕಣ್ಣ ಮುಂದೆ ಬಂತು. ಬಿಟ್ಟಳು. ಮರುದಿನವೂ ಬಂತು. ಮತ್ತೆ ಬಿಟ್ಟಳು. ಹೀಗೇ ಮೂರು ವಾರ.

"ಹಾಳು ಮನಸ್ಸು ಕಣೇ, ದೇವರ ಮುಂದೆ ಕೂತ್ರೂ ಯಂತ್ರದ ಹತ್ರಾನೇ ಓಡುತ್ತೆ" ಎಂದು ನನ್ನೆದುರು ನಕ್ಕಿದ್ದಳು. ನಾನೂ ನಕ್ಕಿದ್ದೆ.

ನಾಲ್ಕನೇ ವಾರ, ದೊಡ್ಡಮ್ಮನ ಪಾಳಿಯಲ್ಲೇ ದುಡಿಯುವ ಗಿಣಿ ಎಂಬ ಹುಡುಗಿಯ ಬಲಗೈ ಬೆಡ್‌ಶೀಟಿನೊಂದಿಗೆ ರೋಲರಿನ ಒಳಗೆ ಹೋಯಿತು. ಕಂಬಿ ಯಂತ್ರವನ್ನು ನಿಲ್ಲಿಸಲಿಲ್ಲ. ಬಾಯಿ ಮುಚ್ಚದ ಹುಡುಗಿಯೆಂದು ಎಲ್ಲರೂ ಗಿಣಿ ಎನ್ನುತ್ತಿದ್ದರು. ಈಗ ಅದೇ ಅವಳಿಗೆ ಮುಳುವಾಯಿತು. ಹರಟುತ್ತಾ ಕೈಯನ್ನು ಯಂತ್ರದೊಳಗೆ ಇಟ್ಟಿದ್ದಾಳೆ, ತಪ್ಪು ಅವಳದೇ, ಕೆಲಸದಿಂದ ತೆಗೆಯುತ್ತೇವೆ ಎಂದು ಅಧಿಕಾರಿ ವಿಚಾರಣೆ ಇಟ್ಟ.

ದೊಡ್ಡಮ್ಮ ಪಾದ್ರಿಗಳ ಬಳಿ ಪಾಪನಿವೇದನೆಗೆ ಹೋದಳು. ಅವರು ಸಮಾಧಾನ ಹೇಳಿದರಂತೆ. ಮನೆಗೆ ಬಂದವಳು ಕೆಂಡವಾಗಿದ್ದಳು.

"ದಿನಾ ದೇವರು ಒಂದೇ ಮಾತು ಹೇಳ್ತಿದ್ದ. ನಾನು ದಿನಾ ಅವನ ಬಾಯಿ ಮುಚ್ಚಿಸಿ, ಅದನ್ನೇ ಪ್ರಾರ್ಥನೆ ಅಂದ್ಕೊಂಡೆ. ಇದಕ್ಕೆ ಸಮಾಧಾನ ಬೇರೆ ಕೇಡು!"

"ವಿಚಾರಣೇಲಿ ಇದನ್ನೆಲ್ಲ ಹೇಳ್ಬೇಡ ದೊಡ್ಡಮ್ಮ, ನಿನ್ನ ಕೆಲಸಕ್ಕೇ ಕುತ್ತು" ಎಂದೆ. ನಾನು ಹಾಗೆ ಹೇಳಿದವಳು. ಬರೆಯಲು ನಾಚಿಕೆಯಾಗುತ್ತದೆ.

ವಿಚಾರಣೆಯಲ್ಲಿ ಅವಳು ಎದ್ದು ನಿಂತು, ಕಂಬಿ ಸಡಿಲವಾಗಿದ್ದದ್ದು ತನಗೆ ಮೂರು ವಾರದಿಂದ ಗೊತ್ತಿತ್ತು ಎಂದಳಂತೆ. ಅಧಿಕಾರಿ ಮೆತ್ತಗೆ, "ಯಾರೂ ನಿಮ್ಮನ್ನ ಕೇಳ್ಲಿಲ್ಲವಲ್ಲಮ್ಮಾ. ಸುಮ್ಮನಿದ್ದಿದ್ರೆ ಆಗ್ತಿತ್ತು" ಎಂದ.

"ಸುಮ್ಮನಿರೋದು ನಂಗೆ ಚೆನ್ನಾಗಿ ಬರುತ್ತೆ ಸಾರ್. ಅದಕ್ಕೇ ಆ ಹುಡುಗಿ ಕೈ ಸುಟ್ಟಿದ್ದು. ಬರ್ಕೊಳ್ಳಿ, ಮೊದಲ ತಪ್ಪು ನಂದು. ವರ್ಷದಿಂದ ಯಂತ್ರ ತಪಾಸಣೆ ಮಾಡಿಸ್ದೇ ಇರೋದು ನಿಮ್ಮದು."

ಗಿಣಿಯ ಕೆಲಸ ಉಳಿಯಿತು. ದೊಡ್ಡಮ್ಮನ ಮೇಸ್ತ್ರಿಗಿರಿ ಹೋಯಿತು. ಈಗ ಬಟ್ಟೆ ಮಡಚುವ ಮೇಜಿನ ಕೆಲಸದಲ್ಲಿದ್ದಾಳೆ. ಅರ್ಧ ಗಂಟೆಯ ಮೌನ ತಪ್ಪಿಸಿಲ್ಲ. ಆದರೆ ಎದ್ದ ಮೇಲೆ, ಬಂದುಹೋದ ಯೋಚನೆಗಳಲ್ಲಿ ಯಾರದಾದರೂ ನೋವು ಇತ್ತೇ ಎಂದು ಹುಡುಕುತ್ತಾಳೆ. ಇದ್ದರೆ ಅಂದೇ ಅಧಿಕಾರಿಯ ಬಾಗಿಲಿಗೆ ಹೋಗುತ್ತಾಳೆ. ಅವಳನ್ನು ಕಂಡರೆ ಅವನಿಗೆ ತಲೆನೋವು.

ಗಿಣಿಯ ಎರಡು ಬೆರಳು ನೆಟ್ಟಗಾಗಲೇ ಇಲ್ಲ. ಪಾಳಿಗೆ ಮೊದಲು ಅವಳ ಮನೆಗೆ ಹೋಗಿ ದೊಡ್ಡಮ್ಮನೇ ಜಡೆ ಹಾಕುತ್ತಾಳೆ. ಬಾಗಿಲು ತೆರೆದು, ಬೆನ್ನು ತಿರುಗಿಸಿ ಕೂರುವ ಗಿಣಿ ಇವಳೊಂದಿಗೆ ಮಾತ್ರ ಮಾತಾಡುವುದಿಲ್ಲವಂತೆ.

"ಕ್ಷಮಿಸಿದ್ದೀನಿ ಅಂತಾದ್ರೂ ಅಂದ್ಲಾ?" ಎಂದು ಕೇಳಿದೆ.

"ನಾನು ಅದನ್ನ ಕೇಳೋಕೆ ಹೋಗಿಲ್ಲ" ಎಂದಳು ದೊಡ್ಡಮ್ಮ. "ನಾಳೆ ಬೇಗ ಎಬ್ಬಿಸು. ಅವಳ ಕೂದಲು ದಪ್ಪ, ಹೊತ್ತು ಹಿಡಿಯುತ್ತೆ."