ಎರಡು ಚರಣಗಳ ನಡುವಿನ ಮೌತ್ ಆರ್ಗನ್

ನಮ್ಮ ಬೋಗಿಯಲ್ಲಿ ಹಾಡುವವರು ಎಂಟು ಜನ ಇದ್ದರು, ನುಡಿಸುವವರು ಒಬ್ಬರೂ ಇರಲಿಲ್ಲ. ಡೊಂಬಿವಲಿಯಿಂದಲೇ ಮುಂಬೈಗೆ ಹೊರಡುವ ಬೆಳಗಿನ ಸ್ಲೋ ಲೋಕಲ್, ಹಿಂದಿನಿಂದ ನಾಲ್ಕನೆಯ ಬೋಗಿ. ಬೇರೆ ಬೋಗಿಗಳಲ್ಲಿ ತಾಳ ಹಿಡಿದು ಭಜನೆ ಮಾಡುತ್ತಾರೆ. ನಮ್ಮದು ಹಳೆಯ ಹಿಂದಿ ಸಿನಿಮಾ ಹಾಡುಗಳ ಗುಂಪು. ಕೋಪರ್ ದಾಟುವಾಗ ಮೊದಲ ಹಾಡು ಶುರುವಾದರೆ ಠಾಣೆ ಬರುವಷ್ಟರಲ್ಲಿ ನಾಲ್ಕು ಮುಗಿಯುತ್ತಿದ್ದವು.

ಹಾಡಿನ ನಡುವೆ ವಾದ್ಯ ಬರುವ ಜಾಗದಲ್ಲಿ ಎಲ್ಲರೂ ಬಾಯಲ್ಲೇ ಅದನ್ನು ಮಾಡುತ್ತಿದ್ದರು. ಪಿಟೀಲಿಗೆ 'ಆ ಆ', ತಬಲಾಕ್ಕೆ ಸೀಟಿನ ಬೆನ್ನು. ಅಷ್ಟು ನಡೆಯುತ್ತಿತ್ತು. ಆದರೆ ಒಂದು ಹಾಡು ಮೌತ್ ಆರ್ಗನ್ನಿನಿಂದಲೇ ಶುರುವಾಗುತ್ತದೆ, ಎರಡು ಚರಣಗಳ ನಡುವೆ ಅದೇ ತುಂಡು ಮತ್ತೆ ಬರುತ್ತದೆ. ಹಾಡಿನ ಮಾತು ಗೊತ್ತಿಲ್ಲದವರಿಗೂ ಆ ತುಂಡು ಗೊತ್ತು. ಎಂಟು ಗಂಡಸರು ತುಟಿ ಮುಂದೆ ಮಾಡಿ 'ಟೂ ಟುರು ಟೂ' ಅಂದರೆ ಕಿಟಕಿ ಪಕ್ಕ ನಿದ್ದೆ ಮಾಡುತ್ತಿದ್ದವರು ಎದ್ದು ಕೂರುತ್ತಿದ್ದರು. ಸುಮಾರು ಒಂದು ವರ್ಷ ಅದನ್ನು ಕೇಳಿದ ಮೇಲೆ ನಾನೇ ಅದನ್ನು ಕಲಿಯಬೇಕು ಅಂದುಕೊಂಡೆ. ಆಗ ನನಗೆ ನಲವತ್ತಾರು ವರ್ಷ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತದ್ದು ಬಿಟ್ಟರೆ ಸಂಗೀತದ ಹತ್ತಿರ ಹೋದವನಲ್ಲ.

ನಮ್ಮಲ್ಲಿ ಮುಖ್ಯ ಹಾಡುಗಾರರು ಒಬ್ಬರು ಹಿರಿಯರು, ವಿಜಯಪುರದ ಕಡೆಯವರು. ಇಪ್ಪತ್ತರ ವಯಸ್ಸಿನಲ್ಲಿ ಮುಂಬೈಗೆ ಬಂದು, ಆಗ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಬೋಗಿಯ ಮರಾಠಿಯವರೂ ಹಿಂದಿಯವರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಾನು ಕುಂದಾಪುರದ ಕಡೆಯವನು. ಠಾಣೆಯಲ್ಲಿ ಇಬ್ಬರೂ ಇಳಿದು ಸೇತುವೆಯವರೆಗೆ ಜೊತೆಯಲ್ಲಿ ನಡೆಯುತ್ತಿದ್ದೆವು. ಅವರ ಕನ್ನಡ ಅವರದು, ನನ್ನ ಕನ್ನಡ ನನ್ನದು. ಆಮೇಲೆ ಅವರು ರಿಕ್ಷಾ ಸಾಲಿಗೆ, ನಾನು ರಬಾಳೆಯ ಗಾಡಿ ಹಿಡಿಯಲು ಒಂಬತ್ತನೆಯ ಪ್ಲಾಟ್‌ಫಾರ್ಮಿಗೆ. ಅಲ್ಲಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಒತ್ತಡದ ಮೀಟರುಗಳನ್ನೂ ವಾಲ್ವುಗಳನ್ನೂ ನೋಡಿಕೊಳ್ಳುವುದು ನನ್ನ ಕೆಲಸ.

ಠಾಣೆ ಸ್ಟೇಷನ್ ಹತ್ತಿರದ ವಾದ್ಯದ ಅಂಗಡಿಯಲ್ಲಿ ಮೌತ್ ಆರ್ಗನ್ ಕೇಳಿದೆ. "ಯಾವ ಸ್ಕೇಲು?" ಎಂದ ಅಂಗಡಿಯವನು. "ಒಳ್ಳೆಯದು ಕೊಡಿ" ಎಂದೆ. ಅವನು ನನ್ನ ಮುಖ ನೋಡಿ ಹತ್ತು ತೂತಿನ ಒಂದು ಸಣ್ಣದನ್ನು ಕೊಟ್ಟ. ಅಂಗಿಯ ಜೇಬಿನಲ್ಲಿ ಕೂರುವಷ್ಟು. ಡೊಂಬಿವಲಿಯ ಗಾಡಿಗೆ ಅದಕ್ಕಿಂತ ದೊಡ್ಡ ವಾದ್ಯ ಆಗುವುದೂ ಇಲ್ಲ. ಮೊಣಕೈ ಎತ್ತಲು ಜಾಗ ಇರುವುದಿಲ್ಲ.

ಮನೆಯಲ್ಲಿ ಮಗಳು ಆಗ ಹನ್ನೆರಡನೆಯ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ನಾನು ಮೊಬೈಲಿನಲ್ಲಿ ಹಾಡು ಹಾಕಿ ಅದರ ಹಿಂದೆ ಓಡುವುದನ್ನು ಎರಡು ದಿನ ನೋಡಿ, "ಪಪ್ಪಾ, ಪೆಹಲೇ ಸ್ಲೋ ಕರೋ ನಾ" ಎಂದು ಮೊಬೈಲ್ ಕಿತ್ತುಕೊಂಡಳು. ಹಾಡನ್ನು ಅರ್ಧ ವೇಗಕ್ಕೆ ಇಳಿಸಿ, ಆ ತುಂಡು ಮಾತ್ರ ಮತ್ತೆ ಮತ್ತೆ ಬರುವಂತೆ ಮಾಡಿಕೊಟ್ಟಳು. ನಿಧಾನ ಮಾಡಿದಾಗ ಅದುವರೆಗೆ ಕೇಳಿಸದೇ ಇದ್ದದ್ದೆಲ್ಲ ಕೇಳಿಸಿತು. ನಾನು ಆರು ಸ್ವರ ಅಂದುಕೊಂಡ ಕಡೆ ಹನ್ನೊಂದು ಇದ್ದವು.

ಈ ವಾದ್ಯದಲ್ಲಿ ಊದಿದರೆ ಒಂದು ಸ್ವರ, ಉಸಿರು ಒಳಗೆ ಎಳೆದರೆ ಇನ್ನೊಂದು. ನಾಲ್ಕನೆಯ ತೂತು ಊದಿದರೆ ಸ, ಎಳೆದರೆ ರಿ. ಐದರಲ್ಲಿ ಹಾಗೇ ಗ, ಮ. ಆರರಲ್ಲಿ ಪ, ಧ. ಇಲ್ಲಿಯವರೆಗೆ ಊದು, ಎಳೆ, ಊದು, ಎಳೆ ಎಂದು ಕಾಲು ಹಾಕಿದ ಹಾಗೆ ಹೋಗುತ್ತದೆ. ಏಳನೆಯದರಲ್ಲಿ ನಿಯಮ ತಿರುಗುತ್ತದೆ: ಎಳೆದರೆ ನಿ, ಊದಿದರೆ ಮೇಲಿನ ಸ. ಅಂದರೆ ಧ ಆದ ಮೇಲೆ ನಿ ಬೇಕಾದರೆ ಎಳೆದ ಮೇಲೆ ಮತ್ತೆ ಎಳೆಯಬೇಕು. ನಾನು ಕಲಿಯಲು ಹೊರಟ ತುಂಡು ಸರಿಯಾಗಿ ಆ ಜಾಗದಲ್ಲೇ ಮೂರು ಸಲ ಓಡಾಡುತ್ತದೆ. ಮೂರು ಸಲವೂ ಎಳೆದೆಳೆದು ಎದೆ ತುಂಬಿಹೋಗಿ, ಮುಂದಿನ ಸ್ವರಕ್ಕೆ ಜಾಗವೇ ಇಲ್ಲದೆ ಕೆಮ್ಮು ಬರುತ್ತಿತ್ತು. ಹೆಂಡತಿ ಅಡಿಗೆಮನೆಯಿಂದ, "ಕಷಾಯ ಮಾಡ್ಲಾ?" ಎಂದು ಕೇಳುತ್ತಿದ್ದಳು. ಅವಳು ಬೇಡ ಅನ್ನಲಿಲ್ಲ. ಕುಕ್ಕರ್ ಕೂಗುವ ಹೊತ್ತಿಗೆ ಅಭ್ಯಾಸ ಮಾಡಿದರೆ ಪಕ್ಕದ ಮನೆಯವರಿಗೆ ಅಷ್ಟು ಗೊತ್ತಾಗುವುದಿಲ್ಲ ಎಂದಳು, ಅಷ್ಟೇ.

ಮೂರು ತಿಂಗಳಾದ ಮೇಲೆ ತುಂಡು ಬಂತು. ಒಂದು ಬೆಳಿಗ್ಗೆ ಕಾಕಾ ಆ ಹಾಡು ಎತ್ತಿಕೊಂಡರು. ಮೊದಲ ಚರಣ ಮುಗಿದಾಗ ನಾನು ಜೇಬಿನಿಂದ ತೆಗೆದು ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ, ಆದರೂ ಕೇಳಲು ಆಗುತ್ತಿರಲಿಲ್ಲ. ಅವರು ಹಾಡಿದ್ದಕ್ಕೂ ನಾನು ನುಡಿಸಿದ್ದಕ್ಕೂ ಸಂಬಂಧವೇ ಇರಲಿಲ್ಲ. ಯಾರೋ ನಕ್ಕರು. ಕಾಕಾ ನಗಲಿಲ್ಲ, ಎರಡನೆಯ ಚರಣವನ್ನು ಎತ್ತಿಕೊಳ್ಳಲೂ ಇಲ್ಲ. ಬೇರೆ ಹಾಡು ಶುರುಮಾಡಿದರು.

ಠಾಣೆಯ ಸೇತುವೆಯ ಮೇಲೆ ಹೇಳಿದರು: "ತಮ್ಮಾ, ನೀ ನುಡಿಸೂದು ಸುಳ್ಳಲ್ಲ. ಆದ್ರ ನಾ ಒಂದು ಊರಿಗೆ ಹೊಂಟೀನಿ, ನೀ ಒಂದು ಊರಿಗೆ ಹೊಂಟಿ. ಹಾಡು ಕೆಡಬಾರದು ನೋಡು."

"ಯಾಕೆ ಹಾಗಾಯ್ತು ಕಾಕಾ? ನಾನು ಮನೆಯಲ್ಲಿ ರೆಕಾರ್ಡಿಗೆ ಸರಿಯಾಗಿ ನುಡಿಸ್ತಿದ್ದೆ."

"ನಾ ರೆಕಾರ್ಡ್ ಅಲ್ಲಲ್ಲೋ. ನನ್ನ ಗಂಟಲಿಗೆ ಎಲ್ಲಿ ಬರ್ತದ ಅಲ್ಲಿಂದ ಹಾಡ್ತೀನಿ. ಕಲ್ತ ಮ್ಯಾಲೆ ತಾ."

ನನಗೆ ಬೇಸರವಾಯಿತು. ಎರಡು ವಾರ ಅದನ್ನು ಮುಟ್ಟಲಿಲ್ಲ. ಬೋಗಿಯಲ್ಲಿ ಮತ್ತೆ 'ಟೂ ಟುರು ಟೂ' ನಡೆಯಿತು. ನಾನು ಬಾಯಿ ಮುಚ್ಚಿಕೊಂಡು ಕೂತೆ.

ಕಾರ್ಖಾನೆಯಲ್ಲಿ ನನ್ನ ಜೊತೆಯವನೊಬ್ಬನ ಅತ್ತೆಯ ಮನೆ ಕಲ್ಯಾಣದಲ್ಲಿ. ಅವರ ಕಟ್ಟಡದಲ್ಲೇ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮೌತ್ ಆರ್ಗನ್ ಕಲಿಸುತ್ತಾರೆ ಎಂದು ಅವನು ಹೇಳಿದ. ಒಂದು ಭಾನುವಾರ ಹೋದೆ. ಅರವತ್ತೈದರ ಮರಾಠಿ ಹೆಂಗಸು. ಅವರ ಹಳೆಯ ವಿದ್ಯಾರ್ಥಿಗಳು ಕರೆಯುವ ಹಾಗೆ ನಾನೂ ಬಾಯಿ ಎಂದು ಕರೆದೆ. ನನ್ನ ಕೈಯಲ್ಲಿದ್ದ ವಾದ್ಯವನ್ನು ನೋಡದೆ ಮೊದಲು, "ಆ ತುಂಡು ಹಾಡಿ ತೋರಿಸಿ" ಎಂದರು.

"ಬಾಯಿ, ನನಗೆ ಹಾಡಲು ಬರುವುದಿಲ್ಲ. ಅದಕ್ಕೇ ಇದನ್ನು ತಗೊಂಡದ್ದು."

"ಗಂಟಲಿನಿಂದ ಬರದದ್ದು ಇದರಿಂದಲೂ ಬರುವುದಿಲ್ಲ. ಹಾಡಿ."

ಹಾಡಿದೆ. ಧ ಮತ್ತು ನಿ ನಡುವೆ ಮೊದಲ ತಿಂಗಳುಗಳಲ್ಲಿ ನಾನು ಜಾರುತ್ತಿದ್ದದ್ದು ಉಸಿರಿನ ತೊಂದರೆ ಅಲ್ಲ, ಅಲ್ಲಿ ಏನಿದೆ ಎಂದು ನನಗೆ ಸರಿಯಾಗಿ ಗೊತ್ತೇ ಇರಲಿಲ್ಲ ಎಂದು ಆಗ ತಿಳಿಯಿತು. ಎರಡು ಭಾನುವಾರ ಬರೀ ಹಾಡಿಸಿದರು. ಎದೆ ತುಂಬಿದರೆ ಮೂಗಿನಿಂದ ಸ್ವಲ್ಪ ಬಿಡಬೇಕು, ಕೇಳುವವರಿಗೆ ಗೊತ್ತಾಗಬಾರದು ಎಂದು ಮೂರನೆಯ ಭಾನುವಾರ ಹೇಳಿಕೊಟ್ಟರು. ತಿಂದು ಬಾಯಿ ಮುಕ್ಕಳಿಸದೆ ಊದಬೇಡಿ ಎಂದೂ ಹೇಳಿದರು. ಅದನ್ನು ನಾನು ಮರೆತು, ಒಮ್ಮೆ ವಡಾ ಪಾವ್ ತಿಂದು ಊದಿದೆ, ಒಳಗೆ ಸ್ವರ ಕೊಡುವ ಹಿತ್ತಾಳೆಯ ನಾಲಿಗೆಯೊಂದರಲ್ಲಿ ಪಾವಿನ ಚೂರು ಸಿಕ್ಕಿಕೊಂಡಿತು. ಕಾರ್ಖಾನೆಯಲ್ಲಿ ಸಂದು ಅಳೆಯುವ ತೆಳು ಪಟ್ಟಿಯಿಂದ ಬಿಡಿಸಿದೆ.

ಕಾಕಾ ಹಾಡುವುದನ್ನು ಮೊಬೈಲಿನಲ್ಲಿ ಹಿಡಿದು ತರಲು ಬಾಯಿ ಹೇಳಿದರು. ಮೂರು ದಿನದ ಹಾಡು ಹಿಡಿದುಕೊಂಡು ಹೋದೆ. ಅವರು ಹಾರ್ಮೋನಿಯಂ ತೆಗೆದು ಒಂದೊಂದು ಮನೆ ಒತ್ತಿ ನೋಡಿದರು.

"ನಿಮ್ಮ ಕಾಕಾ ಕರಿ ಒಂದರಲ್ಲಿ ಹಾಡುತ್ತಾರೆ. ಮೂರು ದಿನವೂ ಅಲ್ಲೇ. ಗಾಡಿಯ ಸದ್ದಿನಲ್ಲೂ ಒಂದು ಕೂದಲಷ್ಟು ಅತ್ತಿತ್ತ ಹೋಗಿಲ್ಲ. ನೀವು ಬಿಳಿ ಒಂದರಲ್ಲಿ ನುಡಿಸುತ್ತಿದ್ದೀರಿ."

ಹಾರ್ಮೋನಿಯಂನಲ್ಲಿ ಮೊದಲ ಬಿಳಿ ಮನೆ ಬಿಳಿ ಒಂದು. ಅದರ ಪಕ್ಕದ ಕಪ್ಪು ಮನೆ ಕರಿ ಒಂದು. ನಮ್ಮಿಬ್ಬರ ಊರುಗಳ ನಡುವಿನ ದೂರ ಅಷ್ಟೇ, ಅರ್ಧ ಸ್ವರ. ದೂರ ಕಡಿಮೆಯಾದಷ್ಟೂ ಕಿವಿಗೆ ಹೆಚ್ಚು ಚುಚ್ಚುತ್ತದೆ ಎಂದರು ಬಾಯಿ. ಆಮೇಲೆ ಕಪಾಟಿನಿಂದ ತಮ್ಮ ವಾದ್ಯ ತೆಗೆದರು. ಅದು ನನ್ನದಕ್ಕಿಂತ ಉದ್ದ, ಬಲಗಡೆ ಒಂದು ಗುಂಡಿ. ಗುಂಡಿ ಒತ್ತಿ ಹಿಡಿದರೆ ಎಲ್ಲ ಸ್ವರಗಳೂ ಅರ್ಧ ಮೆಟ್ಟಿಲು ಮೇಲೆ ಹೋಗುತ್ತವೆ. ಬೆರಳು ಒತ್ತಿಕೊಂಡೇ ಅವರು ನನ್ನ ತುಂಡನ್ನು ನುಡಿಸಿದರು. ಊದುವುದು ಎಳೆಯುವುದು ಎಲ್ಲ ನಾನು ಕಲಿತ ಹಾಗೇ ಇತ್ತು, ಬಂದದ್ದು ಮಾತ್ರ ಕಾಕಾ ಅವರ ಸ್ವರ.

ಅಂಥದ್ದೊಂದನ್ನು ಕೊಂಡೆ. ತೂತುಗಳ ಅಗಲ ಬೇರೆ, ತುಟಿಗೆ ಮತ್ತೆ ಎರಡು ತಿಂಗಳು ಬೇಕಾಯಿತು. ಆಮೇಲೆ ಒಂದು ಬೆಳಿಗ್ಗೆ, ಕೋಪರ್ ಬರುವ ಮೊದಲೇ, ಕಾಕಾ ಅವರಿಗೆ "ಇವತ್ತು ಆ ಹಾಡು ಹಾಡಿ" ಎಂದೆ. ಅವರು ನನ್ನ ಕೈ ನೋಡಿದರು. ಹಾಡು ಶುರುವಾಗುವುದೇ ವಾದ್ಯದಿಂದ ಅಲ್ಲವೇ, ಗುಂಡಿ ಒತ್ತಿ ಹಿಡಿದು ನಾನೇ ಶುರುಮಾಡಿದೆ. ಮುಗಿದ ಕೂಡಲೇ ಅವರ ಧ್ವನಿ ಬಂದು ಕೂತಿತು, ಒಂದು ಚೂರೂ ಸಂದಿಲ್ಲದೆ. ಎರಡು ಚರಣಗಳ ನಡುವೆ ಮತ್ತೆ ನುಡಿಸಿದೆ. ಯಾರೂ ತುಟಿ ಮುಂದೆ ಮಾಡಲಿಲ್ಲ. ಸೇತುವೆಯ ಮೇಲೆ ಕಾಕಾ ಅದರ ಮಾತೇ ಎತ್ತಲಿಲ್ಲ. ರಿಕ್ಷಾ ಸಾಲಿಗೆ ತಿರುಗುವಾಗ ಮಾತ್ರ, "ನಾಳಿಗೂ ತಗೊಂಬಾ" ಎಂದರು.

ಅಲ್ಲಿಂದ ಮುಂದೆ ಎರಡು ವರ್ಷದಲ್ಲಿ ಅಂಥ ಏಳು ಹಾಡುಗಳ ತುಂಡುಗಳನ್ನು ಕಲಿತೆ. ಮೂರು ಸುಲಭ. ಒಂದರಲ್ಲಿ ನಾಲಿಗೆಯನ್ನು ತೂತಿನ ಮೇಲೆ ಬಡಿಯಬೇಕು, ಅದಕ್ಕೆ ಏಳು ತಿಂಗಳು ಹೋಯಿತು. ಎಂಟನೆಯದೊಂದು, ಮಕ್ಕಳೂ ಸಿಳ್ಳೆಯಲ್ಲಿ ಹಾಕುವಂಥದ್ದು, ನನಗೆ ಇವತ್ತಿಗೂ ಬಂದಿಲ್ಲ. ಅದನ್ನು ಬಿಡಿ ಎಂದು ಬಾಯಿಯೇ ಹೇಳಿದರು.

ಕಳೆದ ವರ್ಷ ಕಾಕಾ ಬರುವುದು ನಿಂತಿತು. ಥೈರಾಯ್ಡಿನಲ್ಲಿ ಗಡ್ಡೆ, ಆಪರೇಷನ್ ಆಯಿತು ಎಂದು ಗೊತ್ತಾಯಿತು. ಆಸ್ಪತ್ರೆಗೆ ಹೋಗಿದ್ದೆವು. ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದರು, ಕಾಕಾ ಕೈ ಸನ್ನೆ ಮಾಡಿದರು. ಎರಡು ತಿಂಗಳ ಮೇಲೆ ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡು ಬೋಗಿಗೆ ಬಂದರು. ಧ್ವನಿ ಹೋಗಿತ್ತು. ಉಸಿರಿನಲ್ಲಿ ಮಾತಾಡುತ್ತಿದ್ದರು. ಗಡ್ಡೆಯಿಂದ ಅಪಾಯ ಏನೂ ಇಲ್ಲ, ಧ್ವನಿ ಸ್ವಲ್ಪ ಬರಬಹುದು, ಪೂರ್ತಿ ಬರುತ್ತದೆಯೋ ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ.

ಅವರು ಬಂದದ್ದರಿಂದ ಯಾರೂ ಹಾಡಲಿಲ್ಲ. ಅವರ ಮುಂದೆ ಹಾಡುವುದು ಸರಿಯಲ್ಲ ಎಂದು ಎಲ್ಲರಿಗೂ ಅನ್ನಿಸಿತ್ತು, ಯಾರೂ ಬಾಯಿಬಿಟ್ಟು ಹೇಳದಿದ್ದರೂ. ಎಲ್ಲರ ಕೈಯಲ್ಲೂ ಮೊಬೈಲು. ಮೂರನೆಯ ದಿನ ದಿವಾ ದಾಟುವಾಗ ಕಾಕಾ ನನ್ನ ಕಡೆ ಬಾಗಿ, "ಯಾರರ ಸತ್ತಾರೇನು? ಸುಮ್ಮ ಕುಂತೀರಿ" ಎಂದರು. ನಾನು ವಾದ್ಯ ತೆಗೆದು ಆ ಮೊದಲ ತುಂಡು ನುಡಿಸಿದೆ. ತುಂಡು ಮುಗಿಯಿತು. ಹಾಡು ಬರಬೇಕಾದ ಜಾಗದಲ್ಲಿ ಗಾಡಿಯ ಸದ್ದು ಬಂತು. ನಾನು ನಿಲ್ಲಿಸಿದೆ. ಕಾಕಾ ಸೀಟಿನ ಬೆನ್ನನ್ನು ಬಡಿಯಲು ಶುರುಮಾಡಿ, ಮುಂದೆ ಹೋಗು ಎಂದು ಗದ್ದ ಎತ್ತಿದರು. ಚರಣವನ್ನು ನಾನು ಒಂದು ದಿನವೂ ಅಭ್ಯಾಸ ಮಾಡಿದವನಲ್ಲ. ತಡವರಿಸಿಕೊಂಡು ನುಡಿಸಿದೆ, ನಾಲ್ಕು ಕಡೆ ತಪ್ಪಿತು. ಎರಡನೆಯ ಸಾಲಿಗೆ ಎದುರಿನ ಸೀಟಿನವರು ಮೆಲ್ಲಗೆ ಸೇರಿಕೊಂಡರು. ಮುಂಬ್ರಾ ಬರುವಷ್ಟರಲ್ಲಿ ಎಲ್ಲರೂ ಹಾಡುತ್ತಿದ್ದರು.

ಸೇತುವೆಯ ಮೇಲೆ ಕಾಕಾ ನಿಂತರು. ಜನ ನಮ್ಮನ್ನು ಸವರಿಕೊಂಡು ಹೋಗುತ್ತಿದ್ದರು.

"ತಮ್ಮಾ, ನನಗ ಕಲಸ್ತಿ ಇದನ್ನ?"

"ನನಗೇ ಪೂರ್ತಿ ಬರುವುದಿಲ್ಲ ಕಾಕಾ."

"ಬರೂದಷ್ಟು ಕಲಸು. ಉಸಿರು ಐತಿ ನನ್ನ ಹತ್ರ, ದನಿ ಇಲ್ಲ."

ಭಾನುವಾರ ಬೆಳಿಗ್ಗೆ ಅವರು ನಮ್ಮ ಕಟ್ಟಡಕ್ಕೆ ಬರತೊಡಗಿದರು. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಎರಡು ಕುರ್ಚಿ ಹಾಕಿಕೊಳ್ಳುತ್ತಿದ್ದೆವು. ನನ್ನ ಹಳೆಯ ಹತ್ತು ತೂತಿನದನ್ನು ಕೊಟ್ಟೆ. ತುಂಡಿನಲ್ಲಿ ಯಾವ ಸ್ವರ ಎಲ್ಲಿ ಬರುತ್ತದೆ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ, ಅದು ತಲೆಯೊಳಗೆ ಇತ್ತು. ಆದರೆ ತುಟಿ ಮಾತು ಕೇಳುತ್ತಿರಲಿಲ್ಲ. ಯಾವಾಗಲೂ ಎರಡು ತೂತು ಒಟ್ಟಿಗೆ. ಅವರಿಗೆ ಕೋಪ ಬರುತ್ತಿತ್ತು. ತಪ್ಪು ಸ್ವರ ಬಂದಾಗ ಮುಖ ಕಿವುಚಿ, ವಾದ್ಯವನ್ನು ತೊಡೆಯ ಮೇಲೆ ಇಟ್ಟು ದೂರ ನೋಡುತ್ತಿದ್ದರು. ಹಾಗೆ ನೋಡುತ್ತಿದ್ದವರು ಒಮ್ಮೆ, "ನಲವತ್ತು ವರ್ಷ ಹಾಡೀನಿ, ಒಂದಿನಾನೂ ಬಾಯಿ ಹಿಂಗ ಇಡು ಹಂಗ ಇಡು ಅಂತ ವಿಚಾರ ಮಾಡಿಲ್ಲ" ಎಂದರು. ನಾನು ತಪ್ಪು ನುಡಿಸಿದ ದಿನ ಇವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಅನ್ನಿಸಿತು. ಹಾಗೆಂದೇ ಹೇಳಿದೆ. ಅವರು ಹೌದು ಎಂದು ತಲೆಯಾಡಿಸಿದರು.

ಐದು ತಿಂಗಳಲ್ಲಿ ಒಂದು ತುಂಡು ಅವರಿಗೆ ಬಂತು, ಕುಂಟಿಕೊಂಡು. ಅಷ್ಟರಲ್ಲಿ ಧ್ವನಿಯೂ ಸ್ವಲ್ಪ ಸ್ವಲ್ಪ ಮರಳತೊಡಗಿತು. ಒಂದು ಭಾನುವಾರ ಟೆರೇಸಿನಲ್ಲಿ, ನಾನು ನುಡಿಸುತ್ತಿದ್ದಾಗ, ಕೆಳಗಿನ ಸ್ವರದಲ್ಲಿ ಗುನುಗಿದರು. ಮೊದಲಿನ ಧ್ವನಿ ಅಲ್ಲ. ಒರಟು, ನಡುವೆ ಗಾಳಿ. ಮೇಲಿನ ಸ್ವರಗಳು ಇಲ್ಲವೇ ಇಲ್ಲ. ಆ ವಾರವೇ ಅವರು ವಾದ್ಯ ಮರಳಿ ಕೊಟ್ಟುಬಿಟ್ಟರು.

ಈಗ ಅವರು ಹಾಡುವುದು ಕರಿ ಒಂದರಲ್ಲಿ ಅಲ್ಲ, ಎರಡು ಸ್ವರ ಕೆಳಗೆ, ಕೆಳಗಿನ ಸಪ್ತಕದ ಬಿಳಿ ಆರರಲ್ಲಿ. ಗುಂಡಿ ಒತ್ತಿ ಹಿಡಿಯುವ ಉಪಾಯ ಅಲ್ಲಿ ನಡೆಯುವುದಿಲ್ಲ. ಕೆಲವು ಸ್ವರಗಳಿಗೆ ಮಾತ್ರ ಒತ್ತಬೇಕು, ಉಳಿದವಕ್ಕೆ ಬಿಡಬೇಕು, ಊದುವ ಎಳೆಯುವ ಕ್ರಮವೆಲ್ಲ ಬೇರೆ. ಏಳರಲ್ಲಿ ನಾಲ್ಕು ತುಂಡುಗಳನ್ನು ಹೊಸದಾಗಿ ಕೂರಿಸಿಕೊಂಡಿದ್ದೇನೆ, ಭಾನುವಾರಗಳು ಅದಕ್ಕೇ ಹೋಗುತ್ತವೆ. ಕಾಕಾ ಒಂದು ಚರಣ ಹಾಡುತ್ತಾರೆ. ಕಳವಾ ಹತ್ತಿರ ಬರುವಾಗ ಧ್ವನಿ ದಣಿಯುತ್ತದೆ. ಆಗ ಎರಡನೆಯ ಚರಣವನ್ನು ನಾನು ನುಡಿಸುತ್ತೇನೆ, ಅವರು ಥರ್ಮಾಸಿನ ಬಿಸಿನೀರು ಕುಡಿಯುತ್ತಾರೆ.